ಮೊದಲ ನೂರು ಪುಟಗಳು

ರಾಯಚೂರು ಜಿಲ್ಲೆಯ ಕವಿತಾಳದ ಸುತ್ತಿನ ಪ್ರದೇಶ ಬಯಲುಸೀಮೆ. ಕಣ್ಣು ಹಾಯುವಷ್ಟು ದೂರ ಹೊಲಗಳು. ಬೇಸಗೆಯಲ್ಲಿ ನೆರಳು ಬೇಕೆಂದರೆ ಬೇವಿನ ಮರವನ್ನು ಹುಡುಕಿಕೊಂಡು ಹೋಗಬೇಕು. ಇಂತಹ ಊರಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಶಾಲೆಯ ಗ್ರಂಥಭಂಡಾರದಿಂದ ಮನೆಗೆ ಒಯ್ದಳೆಂದು ಭಾವಿಸಬಹುದು. ಹೆಸರನ್ನು ನೋಡಿ ಅವಳು ಮದುವೆಯ ಕಥೆಯೊಂದನ್ನು ನಿರೀಕ್ಷಿಸಿರುತ್ತಾಳೆ. ಆದರೆ ಪುಸ್ತಕ ತೆರೆದಾಗ ಎದುರಾಗುವವಳು ಮದುಮಗಳಲ್ಲ. ಕಾಡುದಾರಿಯಲ್ಲಿ ನಡೆದು ಬರುತ್ತಿರುವ ಒಬ್ಬ ಆಳು. ಅವನ ಜೊತೆಗೆ ಒಂದು ನಾಯಿ. ಹತ್ತು ಪುಟಗಳಾದರೂ ಅವನು ನಡೆಯುತ್ತಲೇ ಇರುತ್ತಾನೆ. ಒಂದು ಮನೆಯ ಸುದ್ದಿ ಮುಗಿಯುವ ಮೊದಲೇ ಇನ್ನೊಂದು ಮನೆಯ ಬಾಗಿಲು ತೆರೆಯುತ್ತದೆ. ನಲವತ್ತನೆಯ ಪುಟದ ವೇಳೆಗೆ ಅವಳು ಪುಸ್ತಕವನ್ನು ಮುಚ್ಚಿ, ‘ಇದರಾಗ ಕಥೀನ ಇಲ್ಲ’ ಎಂದು ಅಕ್ಕನಿಗೆ ಹೇಳಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅವಳಿಗಿಂತ ಹೆಚ್ಚು ಓದಿದ ಎಷ್ಟೋ ಮಂದಿ ಅಲ್ಲಿಯೇ ನಿಂತುಬಿಟ್ಟಿದ್ದಾರೆ.

ಈ ಕಾದಂಬರಿ ಪ್ರಕಟವಾದದ್ದು 1967ರಲ್ಲಿ. ಕುವೆಂಪು ಅವರ ಮೊದಲ ಕಾದಂಬರಿ ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಬಂದಿತ್ತು. ಎರಡರ ನಡುವೆ ಮೂವತ್ತೊಂದು ವರ್ಷಗಳ ಅಂತರ. ಬರೆದವರೇ ಇಷ್ಟು ಸಾವಧಾನದಿಂದ ಇದ್ದಾಗ ಓದುವವರು ನಾಲ್ಕು ದಿನಗಳಲ್ಲಿ ಮುಗಿಸಬೇಕೆಂದು ಹೊರಡುವುದು ಅಷ್ಟೊಂದು ಸರಿಯಲ್ಲ. ಏಳುನೂರು ಪುಟಗಳನ್ನು ಮೀರಿದ ಈ ಕೃತಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ. ಸ್ಥಳ ತೀರ್ಥಹಳ್ಳಿಯ ಸುತ್ತಣ ಮಲೆನಾಡು. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಎಂದು ಅಲ್ಲಿನ ಮನೆಗಳೂ ಹಳ್ಳಿಗಳೂ ಒಂದೊಂದಾಗಿ ಬರುತ್ತವೆ. ಪ್ರತಿಯೊಂದು ಮನೆಗೂ ಯಜಮಾನರು, ಹೆಂಗಸರು, ಮಕ್ಕಳು, ಆಳುಗಳು. ಅವರವರ ಸಾಲ, ಜಗಳ, ಕಾಯಿಲೆ, ಆಸೆಗಳು. ಕಾಡಿನ ನಡುವೆ ಒಂದಕ್ಕೊಂದು ದೂರವಾಗಿರುವ ಈ ಮನೆಗಳನ್ನು ಓದುಗನು ಕಾಲುನಡಿಗೆಯಲ್ಲಿಯೇ ಸುತ್ತಬೇಕು.

ದಾರಿಯಲ್ಲಿ ನಡೆಯುವ ಆ ಆಳಿನ ಹೆಸರು ಗುತ್ತಿ. ಸದಾ ನಾಯಿಯೊಡನೆ ತಿರುಗುವುದರಿಂದ ಜನ ಅವನನ್ನು ನಾಯಿಗುತ್ತಿ ಎಂದೇ ಕರೆಯುತ್ತಾರೆ. ನಾಯಿಯ ಹೆಸರು ಹುಲಿಯ. ಗುತ್ತಿಯು ಸಿಂಬಾವಿ ಭರಮೈ ಹೆಗ್ಗಡೆಯವರ ಮನೆಗೆ ಸೇರಿದ, ಊರಿನವರು ಅಸ್ಪೃಶ್ಯನೆಂದು ದೂರವಿಟ್ಟ ಜೀತದಾಳು. ಆ ಕಾಲದ ಯಾವ ದೊಡ್ಡಮನೆಯ ಜಗಲಿಯಲ್ಲಿಯೂ ಅವನಿಗೆ ಸ್ಥಳವಿರಲಿಲ್ಲ. ಅಂಥವನಿಗೆ ಮಹಾಕವಿಯೊಬ್ಬರು ತಮ್ಮ ದೊಡ್ಡ ಕಾದಂಬರಿಯ ಮೊದಲ ಪುಟವನ್ನೇ ಬಿಟ್ಟುಕೊಟ್ಟಿದ್ದಾರೆ. ಹೆಗ್ಗಡೆಗಳು ಆಮೇಲೆ ಬರುತ್ತಾರೆ.

ಓದುಗನ ಬೇಸರದ ಮೂಲವೂ ಇಲ್ಲಿಯೇ ಇರಬಹುದು. ಕಥೆಯೆಂದರೆ ಒಬ್ಬ ನಾಯಕನಿರಬೇಕು, ಉಳಿದವರು ಅವನ ಸುತ್ತ ನಿಲ್ಲಬೇಕು ಎಂಬುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಆದ್ದರಿಂದ ಗುತ್ತಿಯನ್ನು ಕಂಡಾಗ, ‘ಇವನು ಯಾರೋ ಆಳು, ಮುಖ್ಯವಾದವರು ಯಾವಾಗ ಬರುತ್ತಾರೆ?’ ಎಂದು ಮನಸ್ಸು ಮುಂದಕ್ಕೆ ಓಡುತ್ತದೆ. ಹಾಗೆ ಓಡುವ ಮನಸ್ಸು, ತನಗೆ ತಿಳಿಯದಂತೆಯೇ, ಗುತ್ತಿಯನ್ನು ಕಂಡೂ ಕಾಣದಂತೆ ಮುಂದೆ ಹೋಗುವ ಯಜಮಾನನ ದೃಷ್ಟಿಯಿಂದಲೇ ನೋಡುತ್ತಿರುತ್ತದೆ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ನಮ್ಮ ದೇಶದಲ್ಲಿ ಅಂಗೀಕಾರವಾದದ್ದು 1976ರಲ್ಲಿ; ಕಾದಂಬರಿ ಪ್ರಕಟವಾಗಿ ಒಂಬತ್ತು ವರ್ಷಗಳ ಮೇಲೆ. ತನ್ನ ಲೋಕದಲ್ಲಿ ಮುಖ್ಯರು, ಅಮುಖ್ಯರು ಎಂಬ ವಿಂಗಡಣೆಯಿಲ್ಲವೆಂದು ಕೃತಿಯ ಹೊಸ್ತಿಲಲ್ಲಿಯೇ ಕುವೆಂಪು ಓದುಗರಿಗೆ ಸೂಚಿಸಿದ್ದಾರೆ. ಆ ಮಾತನ್ನು ಮೆಚ್ಚಿಕೊಳ್ಳುವುದು ಸುಲಭ. ಗುತ್ತಿಯ ಹಿಂದೆ ಹತ್ತಾರು ಪುಟ ನಡೆಯುವುದೇ ಕಷ್ಟ.

ಕವಿತಾಳದ ಕಡೆಯ ವಿದ್ಯಾರ್ಥಿಗೆ ಇನ್ನೊಂದು ತೊಡಕೂ ಉಂಟು. ಕಾದಂಬರಿಯ ಜನ ಆಡುವುದು ಮಲೆನಾಡಿನ ಮಾತು. ಹಳು, ಹಾಡ್ಯ, ಬ್ಯಾಣ, ಕಂಬಳಿಕೊಪ್ಪೆ ಮೊದಲಾದ ಪದಗಳು ಎರೆಭೂಮಿಯ ಮಕ್ಕಳ ಕಿವಿಗೆ ಹೊಸವು. ತೀರ್ಥಹಳ್ಳಿಯ ಹುಡುಗನು ಹಗೇವು, ಮಸಾರಿ ಎಂಬ ಪದಗಳನ್ನು ಕಂಡು ಹೀಗೆಯೇ ತಡವರಿಸಬಹುದು. ಪ್ರತಿಯೊಂದು ಪದಕ್ಕೂ ನಿಂತು ನಿಘಂಟನ್ನು ತೆರೆಯುವ ಅಗತ್ಯವಿಲ್ಲ. ಸಂಭಾಷಣೆಯನ್ನು ಗಟ್ಟಿಯಾಗಿ ಓದಿದರೆ ಅರ್ಧ ಅರ್ಥ ದನಿಯಲ್ಲಿಯೇ ತಿಳಿಯುತ್ತದೆ. ಉಳಿದರ್ಧ ಅದೇ ಪದ ಮೂರನೆಯ ಸಲ ಬಂದಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮೇಲಾಗಿ ಆ ಸೀಮೆ ಪೂರ್ತಿಯಾಗಿ ಪರಕೀಯವೂ ಅಲ್ಲ. ಕಾದಂಬರಿಯ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆಯಾಗುತ್ತಾಳೆ. ಅಣೆಕಟ್ಟಿನಿಂದ ಹೊರಟ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯ ಹೊಲಗಳಿಗೆ ನೀರುಣಿಸುತ್ತದೆ. ಗುತ್ತಿಯ ನಾಡಿನ ಮಳೆಯ ನೀರೇ ಇಲ್ಲಿ ಭತ್ತವಾಗಿ ಬೆಳೆಯುತ್ತದೆ.

ನಿಧಾನವಾದ ಆರಂಭವೂ ಈ ಭಾಗದವರಿಗೆ ಹೊಸತಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಲ್ಲಿ ದೊಡ್ಡಾಟ ನಡೆಯುವುದನ್ನು ನೋಡಿದವರಿಗೆ ಇದು ತಿಳಿದಿದೆ. ಊಟ ಮುಗಿಸಿ ಜನ ಸೇರುವ ಹೊತ್ತಿಗೆ ರಾತ್ರಿ ಬಹಳವಾಗಿರುತ್ತದೆ. ಮೊದಲು ಗಣಪತಿಯ ಸ್ತುತಿ. ಆಮೇಲೆ ಸಾರಥಿಯ ಪ್ರವೇಶ. ಬಂದ ಪ್ರತಿಯೊಂದು ಪಾತ್ರವನ್ನೂ ಅವನು ತಡೆದು, ತಾವು ಯಾರು, ಯಾವ ದೇಶದವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಅದಕ್ಕೆ ಉತ್ತರ ಹಾಡಿನಲ್ಲಿ, ಮಾತಿನಲ್ಲಿ, ಕುಣಿತದಲ್ಲಿ. ಯುದ್ಧವೇನಿದ್ದರೂ ಬೆಳಗಿನ ಜಾವಕ್ಕೆ. ಕಂಬಳಿ ಹೊದ್ದು ಕುಳಿತ ಅಜ್ಜನೊಬ್ಬನೂ ಎದ್ದುನಿಂತು, ‘ಇದೆಲ್ಲ ಬಿಡ್ರಿ, ಯುದ್ಧ ತೋರಸ್ರಿ’ ಎಂದು ಕೇಳುವುದಿಲ್ಲ. ಪಾತ್ರಗಳ ಪರಿಚಯವಾಗದೆ ಯುದ್ಧವನ್ನು ನೋಡಿದರೆ ಯಾರು ಸತ್ತರೂ ಒಂದೇ ಎಂಬುದು ಅವನಿಗೆ ಗೊತ್ತು. ಈ ಕಾದಂಬರಿಯನ್ನೂ ಹೀಗೆಯೇ ಇಡೀ ರಾತ್ರಿ ಆಡಿದ್ದುಂಟು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದು ಸುಮಾರು ಒಂಬತ್ತು ಗಂಟೆಗಳ ನಾಟಕವಾಯಿತು. ಪ್ರೇಕ್ಷಕರು ಒಂದು ಬಯಲು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದು, ಬೆಳಗಾಗುವವರೆಗೆ ನೋಡಿದರು.

ಹಾಗೆಂದು ನಿಧಾನವಾಗಿ ಆರಂಭವಾಗುವ ಪುಸ್ತಕಗಳೆಲ್ಲ ಶ್ರೇಷ್ಠವೆಂದು ತಿಳಿಯಬೇಕಾಗಿಲ್ಲ. ಬರೆಯಲು ವಿಷಯವಿಲ್ಲದೆ ಉದ್ದವಾದ ಪುಸ್ತಕಗಳೂ ಸಾಕಷ್ಟಿವೆ. ಅವುಗಳನ್ನು ಅರ್ಧಕ್ಕೆ ಬಿಟ್ಟರೆ ನಷ್ಟವಿಲ್ಲ. ಎರಡರ ವ್ಯತ್ಯಾಸ ತಿಳಿಯಲು ಒಂದು ಸುಲಭವಾದ ದಾರಿಯಿದೆ. ಓದಿದ ಮರುದಿನ ಪುಸ್ತಕವನ್ನು ತೆರೆಯದೆಯೇ ಹಿಂದಿನ ದಿನದ ಪುಟಗಳನ್ನು ನೆನೆದು ನೋಡಬೇಕು. ಏನೂ ನಡೆಯಲಿಲ್ಲವೆಂದು ತೋರಿದ ಪುಟಗಳಿಂದ ಒಂದು ಕಾಡುದಾರಿ, ಒಂದು ನಾಯಿಯ ನಡಿಗೆ, ಒಬ್ಬ ಮುದುಕಿಯ ದನಿ ಮನಸ್ಸಿನಲ್ಲಿ ಉಳಿದಿದ್ದರೆ ಪುಸ್ತಕವು ತನ್ನ ಕೆಲಸವನ್ನು ಆರಂಭಿಸಿದೆ ಎಂದೇ ಅರ್ಥ.

ಹೆಸರುಗಳ ಗೊಂದಲಕ್ಕೆ ಒಂದು ಹಾಳೆ ಸಾಕು. ಅದರಲ್ಲಿ ಊರುಗಳನ್ನು ಗುರುತಿಸಿ, ಒಂದೊಂದರ ಕೆಳಗೆ ಅಲ್ಲಿಯ ಜನರ ಹೆಸರನ್ನು ಬರೆದುಕೊಳ್ಳುತ್ತ ಹೋದರೆ ನೂರನೆಯ ಪುಟದ ವೇಳೆಗೆ ಹಾಳೆಯ ಅಗತ್ಯವೇ ಬೀಳುವುದಿಲ್ಲ. ದಿನಕ್ಕೆ ಹತ್ತು ಪುಟದಂತೆ ಓದಿದರೂ ಎರಡೂವರೆ ತಿಂಗಳಲ್ಲಿ ಕಾದಂಬರಿ ಮುಗಿಯುತ್ತದೆ. ಅಷ್ಟರಲ್ಲಿ ಗುತ್ತಿಗೆ ತಿಮ್ಮಿಯ ಮೇಲಿದ್ದ ಪ್ರೀತಿ, ಮುಕುಂದಯ್ಯ ಮತ್ತು ಚಿನ್ನಮ್ಮರ ಸಾಹಸ, ಐತ ಮತ್ತು ಪೀಂಚಲುವಿನ ಸಂಸಾರ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಪಾದ್ರಿಯ ಬೈಸಿಕಲ್ಲು ಆ ಕಾಡಿಗೆ ಬಂದಾಗ ನಗದೆ ಇರುವವರು ಅಪರೂಪ. ಮಲೆನಾಡಿನವರ ಬಾಯಲ್ಲಿ ಅದು ‘ಬೀಸೆಕಲ್ಲು’.

ಕಾದಂಬರಿಯ ಕೊನೆಯಲ್ಲಿ ಮಳೆಗಾಲದ ತುಂಗೆ ತುಂಬಿ ಹರಿಯುತ್ತಿರುತ್ತಾಳೆ. ಗುತ್ತಿಯೂ ತಿಮ್ಮಿಯೂ ಆ ಹೊಳೆಯನ್ನು ದಾಟಬೇಕು. ಹುಲಿಯನೂ ಜೊತೆಯಲ್ಲಿದೆ. ಅಲ್ಲಿ ಏನಾಯಿತೆಂಬುದನ್ನು ಇಲ್ಲಿ ಹೇಳಿದರೆ ಓದುವವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕವಿತಾಳದ ಆ ಹುಡುಗಿ ನಲವತ್ತನೆಯ ಪುಟದಲ್ಲಿ ಇಟ್ಟ ಗುರುತಿನ ಕಾಗದವನ್ನು ತೆಗೆದು ಮತ್ತೆ ಓದಲಾರಂಭಿಸಿದರೆ, ಒಂದು ದಿನ ಆ ಪುಟಕ್ಕೂ ಬರುತ್ತಾಳೆ. ಆಗ ಅವಳಿಗೆ ಮೊದಲ ಪುಟದ ಕಾಡುದಾರಿ, ಅಲ್ಲಿ ಗುತ್ತಿಯ ಜೊತೆಗಿದ್ದ ನಾಯಿ, ಎರಡೂ ನೆನಪಿರುತ್ತವೆ.