ಡಾರ್ಲಿಂಗ್ ಮತ್ತು ಚಿನ್ನ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ತಾಲ್ಲೂಕಿಗೊಬ್ಬರಂತೆ. ಶ್ರೀನಿವಾಸಪುರದವನ ಮನೆಮಾತು ತೆಲುಗು. ಒಂದು ರಾತ್ರಿ ಅವನಮ್ಮನ ಫೋನು ಸ್ಪೀಕರಿನಲ್ಲಿತ್ತು. ‘ಚಿನ್ನಾ, ತಿನ್ನಾವಾ?’ ಅಂದರು. ನಾವು ಬಿಡ್ತೀವಾ! ‘ಏನೋ ಚಿನ್ನ, ಇವತ್ತು ಗ್ರಾಂಗೆ ಎಷ್ಟೋ?’ ಅಂತ ವಾರವಿಡೀ ಕಾಡಿಸಿದೆವು. ಅವನು ಅಮ್ಮನ ಫೋನು ಬಂದರೆ ಕಾರಿಡಾರಿಗೆ ಹೋಗೋದಕ್ಕೆ ಶುರು ಮಾಡಿದ.

ಆಮೇಲೆ ಇಂಗ್ಲಿಷ್ ಕ್ಲಾಸಿನಲ್ಲಿ ಒಂದು ವಾಕ್ಯ ಬಂತು: ‘ಮ್ಯಾಂಗೋಸ್ ಆರ್ ಡಿಯರ್ ದಿಸ್ ಇಯರ್’. ನಾವೆಲ್ಲ ‘ಮಾವು ಅಂದ್ರೆ ಇಷ್ಟ’ ಅಂದೆವು. ಅವನೊಬ್ಬನೇ ‘ತುಟ್ಟಿ’ ಅಂದ. ಸರಿಯುತ್ತರ ಅದೇ. ಹೇಗೆ ಗೊತ್ತಾಯ್ತೋ ಅಂದರೆ, ‘ನಮ್ಮನೇಲಿ ಬೆಲೆ ಏರಿದ್ರೆ ಪ್ರಿಯಂ ಅಂತೀವಲ್ಲ’ ಅಂದ. ತೆಲುಗಿನಲ್ಲಿ ಪ್ರಿಯಂ ಅಂದರೆ ಇಷ್ಟವಾದದ್ದೂ ಹೌದು, ದುಬಾರಿಯಾದದ್ದೂ ಹೌದು. ಡಿಯರ್ ಕೂಡ ಹಾಗೇ, ಹಳೆಯ ಇಂಗ್ಲಿಷಿನ ಕಾಲದಿಂದಲೂ ಎರಡೂ ಅರ್ಥ ಹೊತ್ತು ಬಂದ ಪದ.

ಡೀಪ್‌ನಿಂದ ಡೆಪ್ತ್ ಆದಂತೆ ಡಿಯರ್‌ನಿಂದ ಡರ್ತ್ ಆಯಿತು. ಡರ್ತ್ ಅಂದರೆ ಅಭಾವ. ಅಭಾವ ಬಂದಾಗಲೇ ತಾನೆ ಬೆಲೆ ಏರೋದು? 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. (ಜಿಂಕೆ ಎಂಬರ್ಥದ ಡಿಯರ್ ಬೇರೆ ಪದ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೆ. ಇಂಗ್ಲಿಷಿನಲ್ಲಿ ಸರ್‌ಗೆ ಮೇಲ್ ಬರೆಯುವಾಗ ಸ್ಪೆಲ್ಲಿಂಗ್ ನೋಡ್ಕೊಳ್ಳಿ.)

ಇದೇ ಡಿಯರ್‌ಗೆ ‘ಲಿಂಗ್’ ಪ್ರತ್ಯಯ ಸೇರಿ ಡಾರ್ಲಿಂಗ್ ಆದದ್ದು. ಹಳೆಯ ರೂಪ ‘ದೇಓರ್‌ಲಿಂಗ್’. ಪ್ರಭಾಸ್ ಹುಟ್ಟೋದಕ್ಕೆ ಸಾವಿರ ವರ್ಷ ಮೊದಲೇ ಇದ್ದ ಪದ! ಲಿಂಗ್ ಅಂದರೆ ಮೊದಲು ‘ಆ ಗುಣದವರು, ಅದಕ್ಕೆ ಸೇರಿದವರು’ ಅಂತಷ್ಟೇ. ಮುಂದೆ ಚಿಕ್ಕದು, ಮರಿ ಎಂಬ ಅರ್ಥವೂ ಅಂಟಿತು. ಡಕ್‌ಲಿಂಗ್ ಅಂದರೆ ಬಾತುಮರಿ. ಎಲ್ಲ ಕಡೆಯೂ ಮುದ್ದು ಅಂತ ತಿಳಿಯಬೇಡಿ, ಅಂಡರ್‌ಲಿಂಗ್ ಅನ್ನೋದು ಕೈಕೆಳಗಿನವನನ್ನು ಹೀಗಳೆಯುವ ಮಾತು.

ಅಂತೂ ಇವತ್ತಿನ ಕಿವಿಗೆ ಡಾರ್ಲಿಂಗ್‌ನಲ್ಲಿ ಎರಡು ತುಂಡು: ಬೆಲೆಯುಳ್ಳದ್ದು, ಪುಟ್ಟದ್ದು. ಇದನ್ನು ಮಾತಾಡಿಕೊಳ್ಳುತ್ತಿದ್ದಾಗಲೇ ನಮ್ಮ ತಪ್ಪು ಹೊಳೆದದ್ದು. ಕನ್ನಡದ ಕಿವಿಗೆ ಚಿನ್ನ ಅಂದರೆ ಬಂಗಾರ. ತೆಲುಗು, ತಮಿಳಿನಲ್ಲಿ ಚಿನ್ನ ಅಂದರೆ ಚಿಕ್ಕದು. ಅವನಮ್ಮ ಕರೆದದ್ದು ‘ಪುಟ್ಟಾ’ ಅಂತ, ನಾವು ಕೇಳಿದ್ದು ಗ್ರಾಂ ರೇಟು. ಇಂಗ್ಲಿಷಿನವರು ಎರಡು ತುಂಡು ಜೋಡಿಸಿ ಮಾಡಿದ್ದು ನಮ್ಮ ಜಿಲ್ಲೆಯಲ್ಲಿ ಒಂದೇ ಪದದಲ್ಲಿದೆ, ಕೇಳುವ ಕಿವಿ ಮಾತ್ರ ಬೇರೆ ಬೇರೆ. ಬಂಗಾರ ಅನ್ನಬೇಕಾದರೆ ತೆಲುಗಿನ ತಾಯಂದಿರು ‘ಬಂಗಾರು’ ಅಂತಾರೆ, ತಮಿಳಿನವರು ‘ತಂಗಂ’. ಕೆಜಿಎಫ್‌ಗೆ ತಮಿಳಿನಲ್ಲಿ ತಂಗವಯಲ್ ಅನ್ನೋದೂ ಅದಕ್ಕೇ. ಅಲ್ಲಿನ ಗಣಿ 2001ರಲ್ಲೇ ಮುಚ್ಚಿತು.

ಅವನಿಗೆ ಸಾರಿ ಕೇಳಿದೆವು. ‘ಹೋಗ್ರೋ’ ಅಂದ. ಮೊನ್ನೆ ಮಾತ್ರ ಫೋನು ಬಂದಾಗ ಮಂಚ ಬಿಟ್ಟು ಏಳಲಿಲ್ಲ. ‘ಚಿನ್ನಾ, ತಿನ್ನಾವಾ?’ ಕೇಳಿಸಿತು. ಅವನು ಬಾಯಿ ತೆರೆಯುವ ಮೊದಲೇ ಮಾಲೂರಿನವನು ಪಕ್ಕದ ಮಂಚದಿಂದ ‘ತಿನ್ನಾಮಮ್ಮಾ, ಕಾನೀ ಸಾಂಬಾರ್ ಬಾಗಲೇದು’ ಅಂತ ಕೂಗಿದ.