ಒಂಬತ್ತು ಸಾವಿರ ಹೆಚ್ಚು ಕೊಟ್ಟರೆ ಸಿಗುವುದೇನು?

2019ರಲ್ಲಿ ಅಮೆಜಾನ್ ಹೊಸ ಕಿಂಡಲ್ ಓಯಸಿಸನ್ನು ಭಾರತಕ್ಕೆ ತಂದಾಗ 8 ಜಿಬಿ ಮಾದರಿಯ ಬೆಲೆ 21,999 ರೂಪಾಯಿ. ಅದೇ ಕಂಪನಿಯ ಪೇಪರ್‌ವೈಟ್ ಆಗ 12,999ಕ್ಕೆ ಸಿಗುತ್ತಿತ್ತು. ಇ-ರೀಡರ್ ಕೊಳ್ಳಬೇಕೆಂದು ಹೊರಟಿದ್ದ ಈ ಅಂಕಣಕಾರ್ತಿಯ ಮುಂದಿದ್ದ ಆಯ್ಕೆ ಇವೆರಡೇ. ಇಪ್ಪತ್ತೆರಡು ಸಾವಿರ ದುಬಾರಿಯೋ ಅಲ್ಲವೋ ಎಂಬುದು ಅವರವರ ಸಂಬಳಕ್ಕೆ ಬಿಟ್ಟ ಮಾತು, ಅದರಲ್ಲಿ ವಾದಕ್ಕೆ ಕೊನೆಯಿಲ್ಲ. ನಡುವಿನ ಒಂಬತ್ತು ಸಾವಿರಕ್ಕೆ ಕೈಗೆ ಬರುವುದೇನು ಎಂದು ಕೇಳಿಕೊಂಡಾಗ ಲೆಕ್ಕ ಹಾಕಲು ಒಂದು ಹಿಡಿ ಸಿಕ್ಕಿತು.

ಮೊದಲು ತೆರೆ. ಎರಡರದ್ದೂ ಇ-ಇಂಕ್. 1997ರಲ್ಲಿ ಅಮೆರಿಕದ ಎಂಐಟಿಯ ಸಂಶೋಧನೆಯಿಂದ ಹುಟ್ಟಿದ ಕಂಪನಿಯ ತಂತ್ರಜ್ಞಾನವಿದು. ತೆರೆಯ ತುಂಬ ಕೂದಲೆಳೆಯಷ್ಟು ಸಣ್ಣ ಕೋಶಗಳು, ಅವುಗಳೊಳಗೆ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ಹರಿಸಿದರೆ ಯಾವುದೋ ಒಂದು ಬಣ್ಣ ಮೇಲೇಳುತ್ತದೆ, ಒಮ್ಮೆ ನಿಂತ ಮೇಲೆ ಹಾಗೇ ಇರುತ್ತದೆ. ಪುಟ ತಿರುಗಿಸುವಾಗಲಷ್ಟೇ ತೆರೆಗೆ ವಿದ್ಯುತ್ ಬೇಕು. ಎರಡೂ ಯಂತ್ರಗಳಲ್ಲಿ ಇಂಚಿಗೆ 300 ಚುಕ್ಕಿ, ಎರಡಕ್ಕೂ ನೀರಿನ ಭಯವಿಲ್ಲ, ಸಂಗ್ರಹ ಎರಡರಲ್ಲೂ 8 ಜಿಬಿ. ಅಂದರೆ ಓದುವ ಅಕ್ಷರ ಒಂದೇ.

ವ್ಯತ್ಯಾಸವಿದ್ದದ್ದು ಅಕ್ಷರದ ಸುತ್ತ. ಓಯಸಿಸ್‌ನ ತೆರೆ 7 ಇಂಚು, ಪೇಪರ್‌ವೈಟ್‌ದು 6. ಓಯಸಿಸ್‌ಗೆ ಅಲ್ಯುಮಿನಿಯಂ ಮೈ, ರಾತ್ರಿ ಹೊತ್ತಿಗೆ ಹಳದಿಗೆ ತಿರುಗಿಸಬಹುದಾದ ಬೆಳಕು, ಪುಟ ತಿರುಗಿಸಲು ಪಕ್ಕದಲ್ಲೇ ಎರಡು ಬಟನ್. ಗೆಳತಿಯೊಬ್ಬಳ ಓಯಸಿಸನ್ನು ಕೆಲವು ವಾರ ಇಟ್ಟುಕೊಂಡಾಗ ಆ ಬಟನ್‌ಗಳ ಬೆಲೆ ಗೊತ್ತಾಯಿತು. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ನಿಂತು ಹೋಗುವಾಗ ಒಂದು ಕೈ ಹಿಡಿಕೆಗೆ ಮೀಸಲು. ಉಳಿದೊಂದು ಕೈಯಲ್ಲೇ ಯಂತ್ರ ಹಿಡಿದು ಪುಟವನ್ನೂ ತಿರುಗಿಸಬೇಕು. ಬಟನ್ ಇದ್ದರೆ ಹೆಬ್ಬೆರಳು ಕದಲಬೇಕಿಲ್ಲ. ಬಟನ್ ಇಲ್ಲದ ಯಂತ್ರದಲ್ಲಿ ಹೆಬ್ಬೆರಳನ್ನು ತೆರೆಯ ಮೇಲೆ ಚಾಚಬೇಕು, ಬೋಗಿ ಜೋರಾಗಿ ಅಲುಗಿದರೆ ಹಿಡಿತವೇ ಸಡಿಲ.

ಆದರೆ ಮನೆಯಲ್ಲಿ ದಿಂಬಿಗೆ ಒರಗಿ ಕೂತರೆ ಈ ಅನುಕೂಲದ ನೆನಪೂ ಆಗುತ್ತಿರಲಿಲ್ಲ. ಈ ಅಂಕಣಕಾರ್ತಿಯ ಓದಿನ ಬಹುಪಾಲು ನಡೆಯುವುದು ಅಲ್ಲೇ, ಊಟ ಮುಗಿದ ಮೇಲೆ. ಹಾಗಾಗಿ ಪೇಪರ್‌ವೈಟ್ ಕೊಂಡದ್ದಾಯಿತು. ಮಣಿಕಟ್ಟಿನ ನೋವಿದ್ದ ಸಹೋದ್ಯೋಗಿಯೊಬ್ಬರು ಅದೇ ವರ್ಷ ಓಯಸಿಸ್ ಕೊಂಡರು. ಅದರ ಒಂದು ಬದಿ ದಪ್ಪ, ಭಾರವೆಲ್ಲ ಅಂಗೈ ಮೇಲೆ ಕೂರುತ್ತದೆ. ಅವರ ಪಾಲಿಗೆ ಆ ಒಂಬತ್ತು ಸಾವಿರದಲ್ಲಿ ಒಂದು ರೂಪಾಯಿಯೂ ಹೆಚ್ಚಲ್ಲ ಎಂದು ಈ ಅಂಕಣಕಾರ್ತಿ ಅಂದೂ ನಂಬಿದ್ದಳು, ಇಂದೂ ನಂಬುತ್ತಾಳೆ.

ದುಬಾರಿ ಯಂತ್ರ ಕೊಳ್ಳುವವರು ಗಮನಿಸಬೇಕಾದ ಸಂಗತಿ ಎರಡು ವರ್ಷದ ನಂತರ ನಡೆಯಿತು. 2021ರ ಪೇಪರ್‌ವೈಟ್ 13,999 ರೂಪಾಯಿಗೆ ಬಂತು. ತೆರೆ 6.8 ಇಂಚಿಗೆ ಹಿಗ್ಗಿತ್ತು, ಹಳದಿ ಬೆಳಕು ಸೇರಿತ್ತು, ಚಾರ್ಜಿಂಗ್‌ಗೆ ಯುಎಸ್‌ಬಿ-ಸಿ ಇತ್ತು. ಓಯಸಿಸ್‌ನಲ್ಲಿ ಇನ್ನೂ ಹಳೆಯ ಮೈಕ್ರೊ ಯುಎಸ್‌ಬಿಯೇ. ಕಂಪನಿಯೇ ಹೇಳಿಕೊಂಡಂತೆ ಓಯಸಿಸ್‌ನ ಬ್ಯಾಟರಿ ಆರು ವಾರ ಬಂದರೆ ಹೊಸ ಪೇಪರ್‌ವೈಟ್‌ನದು ಹತ್ತು ವಾರ. ದುಬಾರಿ ಯಂತ್ರದ ಪಾಲಿಗೆ ಮುಖ್ಯವಾಗಿ ಉಳಿದದ್ದು ಬಟನ್ ಮತ್ತು ಲೋಹದ ಮೈ. ಹಾಗಾಗಿ ಹೆಚ್ಚಿನ ಬೆಲೆಯ ಒಂದಷ್ಟು ಭಾಗ ಸೌಲಭ್ಯಕ್ಕಲ್ಲ, ಅದನ್ನು ಎರಡು ವರ್ಷ ಮೊದಲೇ ಪಡೆಯುವುದಕ್ಕೆ ಹೋಗುತ್ತದೆ. ಕಾಯಬಲ್ಲವರಿಗೆ ಅದು ಉಳಿತಾಯ.

ಕನ್ನಡ ಓದುಗರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ: ಆ ತೆರೆಯ ಮೇಲೆ ಓದುವುದೇನನ್ನು? 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ಮಾರಾಟ ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. 2020ರಲ್ಲಿ ಶುರುವಾದ ಮೈಲ್ಯಾಂಗ್ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕಗಳನ್ನು ಮೊಬೈಲಿಗೆ ತಂದಿತು. ಆದರೆ ಆ ಪುಸ್ತಕಗಳು ತೆರೆಯುವುದು ಅದರ ಆ್ಯಪ್‌ನಲ್ಲಿ, ಕಿಂಡಲ್‌ನಲ್ಲಿ ಆ್ಯಪ್ ಹಾಕಿಕೊಳ್ಳಲು ಬರುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳಾಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅವು ಅಕ್ಷರಗಳಲ್ಲ, ಪುಟದ ಚಿತ್ರಗಳು. ಡೆಮಿ ಅಷ್ಟಪುಟ ಗಾತ್ರದ ಹಾಳೆಯನ್ನು 7 ಇಂಚಿನ ತೆರೆಗೆ ಕುಗ್ಗಿಸಿದರೆ ಮೊದಲು ಮಾಯವಾಗುವುದು ಒತ್ತಕ್ಷರ. ಇಂಥ ಓದಿಗೆ ಬೇಕಾದದ್ದು ಹತ್ತು ಇಂಚಿನ ತೆರೆ. ಕನ್ನಡದ ಹಳೆಯ ಪುಸ್ತಕಗಳಲ್ಲೇ ಮುಳುಗಿರುವ ಸಂಶೋಧಕರು ದುಬಾರಿ ಯಂತ್ರಕ್ಕೆ ಹಣ ಹಾಕುವುದಾದರೆ ಬಟನ್‌ಗಲ್ಲ, ತೆರೆಯ ಅಗಲಕ್ಕೆ ಹಾಕಬೇಕು. ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರವಾದರೆ ಕನ್ನಡದ ಆ್ಯಪ್‌ಗಳನ್ನೂ ಅದರಲ್ಲೇ ಹಾಕಿಕೊಳ್ಳಬಹುದು.

ಪುಸ್ತಕದ ಖರ್ಚು ಬೇರೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮುದ್ರಿತ ರೂಪವಿರುವ ಇ-ಪುಸ್ತಕದ ಮೇಲಿನ ಜಿಎಸ್‌ಟಿಯನ್ನು 2018ರ ಜುಲೈನಲ್ಲಿ ಶೇ 18ರಿಂದ ಶೇ 5ಕ್ಕೆ ಇಳಿಸಲಾಯಿತು. ಓದಿ ಮುಗಿಸಿದ ಇ-ಪುಸ್ತಕವನ್ನು ತಂಗಿಗೆ ಕೊಡಲಾಗದು, ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗೆ ಮಾರಲೂ ಆಗದು. ಮುನ್ನೂರು ರೂಪಾಯಿಗೊಂದು ಕಾದಂಬರಿ ಎಂದಿಟ್ಟುಕೊಂಡರೂ ಒಂಬತ್ತು ಸಾವಿರಕ್ಕೆ 30 ಪುಸ್ತಕ ಬರುತ್ತವೆ. ಈ ಅಂಕಣಕಾರ್ತಿಯ ಉಳಿತಾಯದ ಒಂದಷ್ಟು ಹಣ ಗಾಂಧಿ ಬಜಾರಿನ ಅಂಕಿತ ಪುಸ್ತಕದಲ್ಲಿ ಖರ್ಚಾಯಿತು, ಆ ಪುಸ್ತಕಗಳು ಈಗ ಮೂರು ಮನೆ ಸುತ್ತುತ್ತಿವೆ.

2024ರಲ್ಲಿ ಓಯಸಿಸ್‌ನ ಕಥೆ ಮುಗಿಯಿತು, ಅಮೆಜಾನ್ ಅದನ್ನು ಮತ್ತೆ ತಯಾರಿಸುತ್ತಿಲ್ಲ. ಮರುವರ್ಷ ಭಾರತಕ್ಕೆ ಬಂದಾಗ 7 ಇಂಚಿನ ಪೇಪರ್‌ವೈಟ್‌ನ ಬೆಲೆ 16,999 ರೂಪಾಯಿ ಇತ್ತು. ಬಟನ್ ಬೇಕೇ ಬೇಕು ಎನ್ನುವವರು ಈಗ ಸೆಕೆಂಡ್ ಹ್ಯಾಂಡ್ ಓಯಸಿಸ್ ಹುಡುಕುತ್ತಾರೆ. ಬೆಲೆ ಕಡಿಮೆ ಕಂಡರೂ ಅದರ ಬ್ಯಾಟರಿ ಒಳಗೆ ಅಂಟಿಸಿ ಮುಚ್ಚಿದ್ದು, ಬದಲಿಸುವುದು ಸುಲಭವಲ್ಲ. ಅಂಥದ್ದನ್ನು ಕೊಳ್ಳುವವರು ಪೂರ್ತಿ ಚಾರ್ಜ್ ಮಾಡಿ, ಬೆಳಕು ಹಚ್ಚಿ ಒಂದೆರಡು ಗಂಟೆ ಓದಿ ನೋಡಬೇಕು. ಹಳೆಯ ಮಾಲೀಕರ ಖಾತೆಯಿಂದ ಬಿಡಿಸಿ ತಮ್ಮ ಖಾತೆಗೆ ಸೇರಿಸಿ, ಒಂದು ಪುಸ್ತಕ ಇಳಿಸಿಕೊಂಡ ಮೇಲೆಯೇ ಹಣ ಕೊಡಬೇಕು.