180 ರೂಪಾಯಿಯ ಸೀಲು, 9,000 ರೂಪಾಯಿಯ ಕೂಲಿ

ಅಪ್ಪ 1988ರಲ್ಲಿ ಕೊಂಡ ಬಿಳಿ ಮಾರುತಿ 800 ಇಂದಿಗೂ ಮೈಸೂರಿನ ನಮ್ಮ ಮನೆಯಲ್ಲಿದೆ. ಅದರ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಈಗಲೂ ಚೆನ್ನಾಗಿ ಓಡುತ್ತದೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಂಗಳದ ಕಲ್ಲಿನ ಮೇಲೆ ನಾಣ್ಯದಗಲದ ಕಪ್ಪು ಕಲೆ ಕಂಡಿತು. ತಿಂಗಳಿಗೆ ಅರ್ಧ ಲೀಟರ್ ಆಯಿಲ್ ಸುರಿದು ಸುಮ್ಮನಾದೆ. ಇನ್ನೂರು ರೂಪಾಯಿ ತಾನೇ ಎಂಬ ಧೈರ್ಯ. ವರ್ಷ ತುಂಬುವಾಗ ಅದೇ 2,400 ಆಗಿತ್ತು, ಸೋರಿಕೆಯೂ ಹೆಚ್ಚಿತ್ತು. ಆಯಿಲ್ ಮಟ್ಟ ಒಂದು ಸಲ ತೀರಾ ಇಳಿದಿದ್ದರೆ ಬೇರಿಂಗುಗಳು ಸವೆದು ಇಡೀ ಎಂಜಿನ್ನೇ ಬಿಚ್ಚಬೇಕಾಗುತ್ತಿತ್ತು.

ಗ್ಯಾರೇಜಿನ ಮೇಸ್ತ್ರಿ ಕೆಳಗೆ ನುಸುಳಿ ನೋಡಿ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ ಎಂದರು. ಸೀಲಿನ ಬೆಲೆ 180 ರೂಪಾಯಿ. ಆದರೆ ಅದು ಕೂತಿರುವುದು ಫ್ಲೈವೀಲಿನ ಹಿಂದೆ, ಅಲ್ಲಿಗೆ ಕೈ ಹೋಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಅದರ ಕೂಲಿ 4,500. ಮೂಗಿಗಿಂತ ಮೂಗುತಿ ಭಾರ ಎನಿಸಿತು.

ಬಿಚ್ಚಿದ ಸೀಲನ್ನು ಅವರು ನನ್ನ ಅಂಗೈಗಿಟ್ಟರು. ಬಳೆಯಂಥ ರಬ್ಬರು, ಒಳಅಂಚಿನ ಸುತ್ತ ಕೂದಲೆಳೆಯ ಸ್ಪ್ರಿಂಗು. ತಿರುಗುವ ಶಾಫ್ಟನ್ನು ಆ ಮೆತ್ತನೆಯ ಅಂಚು ತಬ್ಬಿಕೊಂಡಿದ್ದರಷ್ಟೇ ಆಯಿಲ್ ಒಳಗೆ ನಿಲ್ಲುತ್ತದೆ. ಮೂರು ದಶಕದ ಬಿಸಿಗೆ ಅದು ಕಲ್ಲಿನಂತಾಗಿತ್ತು, ಬೆರಳಲ್ಲಿ ಒತ್ತಿದರೆ ಚಟ್ಟನೆ ಬಿರುಕು ಬಿಟ್ಟಿತು.

"ಸಾರ್, ಕ್ಲಚ್ ಪ್ಲೇಟೂ ಆಯಿಲ್ ಕುಡಿದಿದೆ. ಇಳಿಸಿದಾಗಲೇ ಹಾಕಿಬಿಡೋಣ" ಅಂದರು ಮೇಸ್ತ್ರಿ. ಕ್ಲಚ್ ಸೆಟ್ಟಿಗೆ 3,200 ರೂಪಾಯಿ. "ಮುಂದೆ ನೋಡೋಣ" ಅಂದೆ. ಎರಡೇ ತಿಂಗಳಲ್ಲಿ ಚಾಮುಂಡಿ ಬೆಟ್ಟದ ಏರಿನಲ್ಲಿ ಕ್ಲಚ್ ಜಾರತೊಡಗಿತು. ಮತ್ತೆ ಗೇರ್‌ಬಾಕ್ಸ್ ಇಳಿಯಿತು, ಮತ್ತೆ 4,500 ಕೂಲಿ. ಕ್ಲಚ್ಚಿನ 3,200ನ್ನು ಎರಡು ತಿಂಗಳು ಮುಂದೂಡಿದ್ದಕ್ಕೆ ತೆತ್ತ ಬೆಲೆ ಅದು.

ಹಳೆಯ ಕಾರಿನಲ್ಲಿ ಹಣ ಹೋಗುವುದು ಸಾಮಾನಿಗಲ್ಲ, ಬಿಚ್ಚುವುದಕ್ಕೆ. ಆದ್ದರಿಂದ ಬಿಚ್ಚುವ ಮೊದಲು ಸೋರಿಕೆಯ ಮೂಲ ಹುಡುಕಿ. ಆಯಿಲ್ ಕೆಳಕ್ಕೇ ಇಳಿಯುವುದರಿಂದ ಒದ್ದೆಯಾದ ಜಾಗವೇ ಸೋರುವ ಜಾಗವೆಂದು ಹೇಳಲಾಗದು. ಟ್ಯಾಪೆಟ್ ಕವರ್ ಪ್ಯಾಕಿಂಗಿನಿಂದ ಜಿನುಗಿದ್ದೂ ಎಂಜಿನ್ನಿನ ಬೆನ್ನಿಗಿಳಿದು ಕ್ರ್ಯಾಂಕ್ ಸೀಲಿನ ಸೋರಿಕೆಯಂತೆ ಕಾಣುತ್ತದೆ. ಎಂಜಿನ್ ತೊಳೆಸಿ ಒಣಗಿಸಿ, ಅನುಮಾನದ ಕಡೆ ಟಾಲ್ಕಂ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿ ಬನ್ನಿ. ಪುಡಿ ಮೊದಲು ಒದ್ದೆಯಾದಲ್ಲಿ ಮೂಲವಿದೆ. ಬ್ರೀದರ್ ಪೈಪ್ ಕಟ್ಟಿಕೊಂಡಿದೆಯೇ ನೋಡಿಸಿ. ಒಳಗಿನ ಒತ್ತಡಕ್ಕೆ ದಾರಿಯಿಲ್ಲದಿದ್ದರೆ ಅದು ಹೊಸ ಸೀಲಿನಿಂದಲೂ ಆಯಿಲನ್ನು ಹೊರಗೆ ನೂಕುತ್ತದೆ. ಇವೆರಡಕ್ಕೂ ದೊಡ್ಡ ಖರ್ಚಿಲ್ಲ.

ಗೇರ್‌ಬಾಕ್ಸ್ ಇಳಿಸಲೇಬೇಕಾದರೆ ಅಲ್ಲಿ ಕೈಗೆ ಸಿಗುವ ಸವೆದ ಸಾಮಾನನ್ನೆಲ್ಲ ಒಟ್ಟಿಗೇ ಬದಲಿಸಿ: ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಗೇರ್‌ಬಾಕ್ಸಿನ ಸೀಲುಗಳು. ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಿ. ಹಳೆಯ ಸೀಲ್ ಕೊರೆದ ಗೆರೆ ಉಗುರಿಗೆ ಸಿಕ್ಕರೆ, ಹೊಸದರ ಅಂಚು ಆ ಗೆರೆಯ ಮೇಲೆಯೇ ಕೂರದಂತೆ ತುಸು ಸರಿಸಿ ಕೂರಿಸಬಹುದೇ ಎಂದು ಮೇಸ್ತ್ರಿಯನ್ನು ಕೇಳಿ. ಹೊಸ ಸೀಲ್ ಸಿಗದಿದ್ದರೆ ಹಳೆಯದರ ಮೇಲಿನ ಅಂಕಿಗಳನ್ನು ಬರೆದುಕೊಳ್ಳಿ. ಸಾಮಾನ್ಯವಾಗಿ ಒಳವ್ಯಾಸ, ಹೊರವ್ಯಾಸ, ದಪ್ಪ ಅದರಲ್ಲಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಆ ಅಳತೆ ಹಿಡಿದೇ ಹುಡುಕಬಹುದು.

ಈಗ ತಿಂಗಳಿಗೆ 500 ರೂಪಾಯಿ ಕಾರಿಗೆಂದೇ ಬೇರೆ ಎತ್ತಿಡುತ್ತೇನೆ. ಕೈಯಲ್ಲಿ ಹಣವಿದ್ದರೆ "ಮುಂದೆ ನೋಡೋಣ" ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಕಾರನ್ನು ಒಳಗೆ ಬಿಡುವ ಮೊದಲು ಮೇಸ್ತ್ರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: "ಇದನ್ನು ಬಿಚ್ಚಿದಾಗ ಇನ್ನೇನೇನು ಕೈಗೆ ಸಿಗುತ್ತದೆ?"